ಕೂದಲಿನ ಹಗ್ಗ, ಕಾರಿನ ಬಂಪರ್: ವಸ್ತುವನ್ನು ಓದುವ ಬಗ್ಗೆ ಒಂದು ಟಿಪ್ಪಣಿ

ಸಮಕಾಲೀನ ಶಿಲ್ಪದ ಪರೀಕ್ಷೆಗೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನನ್ನ ತಲೆಯಲ್ಲೇ ಇದು ಗಟ್ಟಿಯಾಗಿ ಕೂರಲಿ ಎಂದು. ಕಿರುಪರೀಕ್ಷೆಯಲ್ಲಿ ಕಲಾವಿದೆ ಶೀಲಾ ಗೌಡ ಅವರ, ಕೂದಲಿನ ಹಗ್ಗಕ್ಕೆ ಕಾರಿನ ಬಂಪರುಗಳನ್ನು ತೂಗುಬಿಟ್ಟ ‘ಬಿಹೋಲ್ಡ್’ ಕೃತಿಯ ಬಗ್ಗೆ ಎರಡು ಪುಟ ಬರೆದಿದ್ದೆ. ಕೂದಲು ಹೆಣ್ಣಿನ ಸಂಕೇತ, ಉಕ್ಕು ಗಂಡಿನ ಸಂಕೇತ, ಹಗ್ಗ ಬಂಧನದ ಸಂಕೇತ. ಮೇಷ್ಟ್ರು ಮೂರೂ ‘ಸಂಕೇತ’ಗಳ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಈ ಕೂದಲು ಎಲ್ಲಿಂದ ಬಂತು?’ ಎಂದಷ್ಟೇ ಬರೆದಿದ್ದರು. ಮೊದಲು ಸಿಟ್ಟು ಬಂತು. ಕೂದಲು ತಲೆಯಿಂದಲ್ಲದೆ ಇನ್ನೆಲ್ಲಿಂದ ಬರುತ್ತದೆ?

ಶಿಲ್ಪಕ್ಕೂ ಪ್ರತಿಷ್ಠಾಪನಾ ಕಲೆಗೂ (ಇನ್‌ಸ್ಟಲೇಶನ್) ಇರುವ ವ್ಯತ್ಯಾಸ ಎಲ್ಲರ ಟಿಪ್ಪಣಿಯಲ್ಲೂ ಇದೆ, ಹಾಗಾಗಿ ಬೇಗ ಮುಗಿಸುತ್ತೇನೆ: ಶಿಲ್ಪವನ್ನು ನಾವು ಸುತ್ತುತ್ತೇವೆ, ಪ್ರತಿಷ್ಠಾಪನೆಯ ಒಳಗೆ ನಾವೇ ಹೋಗುತ್ತೇವೆ. ಕನ್ನಡದ ಪದ ಮಾತ್ರ ದಾರಿ ತಪ್ಪಿಸುತ್ತದೆ. ಗುಡಿಯಲ್ಲಿ ಪ್ರತಿಷ್ಠಾಪಿಸಿದ ಮೂರ್ತಿ ಕದಲುವುದಿಲ್ಲ. ಇಲ್ಲಿ ಅದೇ ಕೃತಿ ಹೊಸ ಕೋಣೆಗೆ ಹೋದಾಗ ಹೊಸ ಆಕಾರ ತಾಳಬಹುದು.

ಇನ್ನು ‘ಬಿಹೋಲ್ಡ್’. 2009ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಪ್ರದರ್ಶನಗೊಂಡ ಕೃತಿ, ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ, ಕಿಲೋಮೀಟರುಗಟ್ಟಲೆ ಉದ್ದದ ಕಪ್ಪು ಹಗ್ಗ. ಆ ಹಗ್ಗಕ್ಕೆ ಜೋತುಬಿದ್ದ ಹೊಳೆಯುವ ಕಾರಿನ ಬಂಪರುಗಳು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಈ ಹಗ್ಗವನ್ನು ಕಂಡದ್ದು ಬೀದಿಯಲ್ಲಿ. ದೃಷ್ಟಿ ತಾಗದಿರಲೆಂದು ಗಾಡಿಗಳ ಬಂಪರಿಗೆ ಕಟ್ಟುವ ಕೂದಲಿನ ಹಗ್ಗ ಇದು. ಹರಕೆ ಹೊತ್ತವರು ದೇವರಿಗೆ ಮುಡಿ ಕೊಡುತ್ತಾರಲ್ಲ, ಅದರಲ್ಲಿ ಉದ್ದನೆಯ ಕೂದಲು ವಿಗ್ ಮಾಡುವವರಿಗೆ ಮಾರಾಟವಾಗುತ್ತದೆ. ಬೆಲೆ ಬಾಳದ ಗಿಡ್ಡ ಕೂದಲು ಹಗ್ಗವಾಗುತ್ತದೆ.

ನಾನು ಎಡವಿದ್ದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಎಳೆದೆಳೆದು ಹೇಳುತ್ತೇನೆ.

ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಎಂಬ ಅಮೆರಿಕದ ತತ್ವಜ್ಞಾನಿ ಚಿಹ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದು ಹೋಲಿಕೆ: ಭಾವಚಿತ್ರ ಮುಖವನ್ನು ಹೋಲುತ್ತದೆ. ಇನ್ನೊಂದು ಸಂಕೇತ: ನಾವೆಲ್ಲ ಒಪ್ಪಿಕೊಂಡದ್ದರಿಂದ ಅರ್ಥ ಬಂದಿರುತ್ತದೆ, ಕೆಂಪು ದೀಪ ಎಂದರೆ ನಿಲ್ಲು ಎಂಬಂತೆ. ಮೂರನೆಯದು ಕುರುಹು: ವಸ್ತು ನಿಜವಾಗಿ ಅಲ್ಲಿ ಇತ್ತು, ಮುಟ್ಟಿತ್ತು, ಗುರುತು ಉಳಿಸಿ ಹೋಯಿತು. ಕೆಸರಿನಲ್ಲಿ ಮೂಡಿದ ಹೆಜ್ಜೆ ಇದ್ದ ಹಾಗೆ. ಹೆಜ್ಜೆಯ ಗುರುತು ನಡೆದವನ ‘ಸಂಕೇತ’ ಎಂದು ಯಾರೂ ಹೇಳುವುದಿಲ್ಲ; ಅವನು ನಡೆದದ್ದರಿಂದಲೇ ಅದು ಅಲ್ಲಿದೆ. ‘ಬಿಹೋಲ್ಡ್’ನ ಕೂದಲೂ ಹಾಗೆಯೇ. ಅದು ಭಕ್ತಿಯನ್ನೋ ಹೆದರಿಕೆಯನ್ನೋ ಪ್ರತಿನಿಧಿಸಲು ಹೊರಗಿನಿಂದ ತಂದ ವಸ್ತುವಲ್ಲ. ಯಾರದೋ ಹರಕೆಯಲ್ಲಿ ನಿಜವಾಗಿ ಕತ್ತರಿಸಿ ಬಿದ್ದು, ವ್ಯಾಪಾರಿಯ ಕೈ ಸೇರಿ, ಹಗ್ಗ ಹೊಸೆಯುವವರ ಬೆರಳುಗಳ ನಡುವೆ ಹಾದು ಬಂದದ್ದು. ಮೇಷ್ಟ್ರು ಕೇಳಿದ್ದು ಈ ದಾರಿಯನ್ನು. ನಾನು ಬರೆದದ್ದು ನಿಘಂಟಿನ ಅರ್ಥವನ್ನು.

ಈ ಎರಡನ್ನೂ ಬೇರ್ಪಡಿಸಲು ನಾನು ಕಂಡುಕೊಂಡ ಉಪಾಯಕ್ಕೆ ‘ಬದಲಿ ಲೆಕ್ಕ’ ಎಂದು ಹೆಸರಿಟ್ಟಿದ್ದೇನೆ. ನೋಟಕ್ಕೆ ಹಾಗೆಯೇ ಇರುವ ಬೇರೆ ವಸ್ತುವನ್ನು ಮನಸ್ಸಿನಲ್ಲೇ ಹಾಕಿ ನೋಡಿ. ಕೂದಲಿನ ಬದಲು ಕಪ್ಪು ನೈಲಾನ್ ಹಗ್ಗ ಎಂದುಕೊಳ್ಳಿ. ಹತ್ತು ಹೆಜ್ಜೆ ದೂರದಿಂದ ಯಾರಿಗೂ ಗೊತ್ತಾಗದು. ಬಂಪರುಗಳು ಜೋತಾಡುತ್ತಲೇ ಇರುತ್ತವೆ, ಭಾರ ಕಾಣುತ್ತಲೇ ಇರುತ್ತದೆ, ನನ್ನ ‘ಬಂಧನ’ವೂ ಉಳಿದುಕೊಳ್ಳುತ್ತದೆ. ರಸ್ತೆಯಲ್ಲಿ ಬಂಪರ್ ಹಗ್ಗವನ್ನು ಹೊತ್ತರೆ ಇಲ್ಲಿ ಹಗ್ಗವೇ ಬಂಪರನ್ನು ಹೊತ್ತಿದೆ ಎಂಬ ತಿರುವು ಅರ್ಧ ಉಳಿಯುತ್ತದೆ. ಪೂರ್ತಿ ಹೋಗುವುದು ಏನು? ಹೆಸರಿಲ್ಲದ ಆ ಸಾವಿರಾರು ತಲೆಗಳು. ಉಳಿದದ್ದು ಆಕಾರದ ಅರ್ಥ, ಕಳೆದದ್ದು ವಸ್ತುವಿನ ಅರ್ಥ. ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದು ಕಳೆದುಹೋದದ್ದನ್ನು.

ಈ ಲೆಕ್ಕವನ್ನು ತಿರುಗಿಸಿಯೂ ಮಾಡಬಹುದು. 2010ರಲ್ಲಿ ಚೀನಾದ ಕಲಾವಿದ ಐ ವೇಯ್‌ವೇಯ್ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಎಲ್ಲವೂ ಪಿಂಗಾಣಿ, ಚೀನಾದ ಜಿಂಗ್‌ದೆಜೆನ್‌ನ ಕುಶಲಕರ್ಮಿಗಳು ಕೈಯಿಂದ ಬಣ್ಣ ಹಚ್ಚಿದವು. ಅಲ್ಲಿ ನಿಜವಾದ ಬೀಜವನ್ನು ಹಾಕಿ ನೋಡಿ: ಗೋದಾಮಿನ ರಾಶಿ ಉಳಿಯುತ್ತದೆ, ಕೈಕೆಲಸ ಮಾಯವಾಗುತ್ತದೆ. ಪಿಂಗಾಣಿ ತನ್ನ ಇರವನ್ನು ಇನ್ನೊಂದು ರೀತಿಯಲ್ಲೂ ತೋರಿಸಿತು: ಜನ ಅದರ ಮೇಲೆ ನಡೆದಾಗ ಎದ್ದ ಧೂಳು ಆರೋಗ್ಯಕ್ಕೆ ಕೆಟ್ಟದ್ದೆಂದು ಕೆಲವೇ ದಿನಗಳಲ್ಲಿ ನಡೆಯುವುದನ್ನು ನಿಲ್ಲಿಸಬೇಕಾಯಿತು.

ನನ್ನ ಲೆಕ್ಕ ತಡವರಿಸಿದ್ದು ಶೀಲಾ ಗೌಡ ಅವರದೇ ಇನ್ನೊಂದು ಕೃತಿಯ ಮುಂದೆ: ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಸೂಜಿಯ ಕಣ್ಣಿಗೆ ಉದ್ದನೆಯ ದಾರ ಪೋಣಿಸಿ, ನಡುವಿನವರೆಗೂ ಎಳೆದು, ಅಂಥ ಹಲವು ಎಳೆಗಳನ್ನು ಅಂಟು ಮತ್ತು ಕುಂಕುಮದಿಂದ ಒಂದೇ ಹುರಿಯಾಗಿಸಿದ ಕೃತಿ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿಯುತ್ತವೆ. ಕುಂಕುಮದ ಬದಲು ಕೆಂಪು ಬಣ್ಣದ ಪುಡಿ ಹಾಕಿದರೆ ಕಳೆಯುವುದು ಮುತ್ತೈದೆತನ, ಮಂಗಳ, ಪೂಜೆ. ಇವೆಲ್ಲ ನಾವು ಒಪ್ಪಿಕೊಂಡ ಅರ್ಥಗಳು, ಅಂದರೆ ಸಂಕೇತಗಳೇ! ಇದರಲ್ಲಿ ಅರ್ಧ ದಿನ ಸಿಕ್ಕಿಹಾಕಿಕೊಂಡಿದ್ದೆ. ಆಮೇಲೆ ಹೊಳೆದದ್ದು, ಒಂದೇ ಹುರಿಯಲ್ಲಿ ಎರಡೂ ಇರಬಹುದು: ಕುಂಕುಮ ಸಂಕೇತವಾಗಿಯೇ ಇರಲಿ, ತುದಿಯ ಸೂಜಿಗಳು ಮಾತ್ರ ಕುರುಹು. ಇಷ್ಟುದ್ದದ ದಾರ ನಿಜವಾಗಿಯೂ ಈ ಪುಟ್ಟ ಕಣ್ಣುಗಳಲ್ಲಿ ಹಾದು ಬಂದಿದೆ ಎನ್ನುವುದಕ್ಕೆ ಅವೇ ಸಾಕ್ಷಿ. ನೋವು ಎಂಬ ಮಾತು ಶೀರ್ಷಿಕೆಯಲ್ಲಿದ್ದರೂ ನನಗೆ ಅದು ತಟ್ಟಿದ್ದು ಆ ಗೊಂಚಲಿನಲ್ಲಿ.

ಅಭ್ಯಾಸಕ್ಕೆ ಒಂದು: ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬಹುಕಾಲ ಕೆಲಸ ಮಾಡಿದ ಕಲಾವಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೆಣೆದು, ಬಂಗಾರದ ಜರಿಯಂತೆ ಮಿನುಗುವ ಬೃಹತ್ ಹಾಸುಗಳನ್ನು ಗೋಡೆಗೆ ತೂಗುಬಿಡುತ್ತಾರೆ. ಮುಚ್ಚಳಗಳ ಬದಲು ಹೊಸ ಹಿತ್ತಾಳೆ ತಗಡು ಹಾಕಿ ನೋಡಿ. ಸುಳಿವು: ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾದ ಕರಾವಳಿಗೆ ಮದ್ಯ ತಂದು, ಅದಕ್ಕೆ ಪ್ರತಿಯಾಗಿ ಏನನ್ನು, ಯಾರನ್ನು ಹಡಗಿಗೆ ಏರಿಸಿಕೊಂಡರು?