ಬಂದು ಹೋಗುವವರಲ್ಲ, ಒಳಗೇ ಇರುವವರು

ತುಮಕೂರು ಕಡೆ ಒಂದೇ ಮೈಯಲ್ಲಿ ಇನ್ನೊಬ್ಬರು ಮಾತಾಡುವುದು ಯಾರಿಗೂ ಹೊಸದಲ್ಲ. ಶಿರಾ, ಪಾವಗಡದ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಅಮ್ಮ ಮೈಮೇಲೆ ಬರುತ್ತಾಳೆ. ಕೂದಲು ಬಿಚ್ಚಿಕೊಂಡು, ಬೇವಿನ ಸೊಪ್ಪು ಹಿಡಿದು ತೂಗುವ ಹೆಂಗಸಿನ ಮುಂದೆ ಊರ ಹಿರಿಯರೇ ಕೈಮುಗಿದು, "ಯಾರು ತಾಯಿ ನೀನು? ಏನು ಬೇಕು ಹೇಳು" ಅನ್ನುತ್ತಾರೆ. ಕೇಳಿದ್ದು ಕೊಟ್ಟರೆ ಅಮ್ಮ ಹೊರಡುತ್ತಾಳೆ. ಆ ಹೆಂಗಸು ಎದ್ದು ನೀರು ಕುಡಿದು ಮನೆಗೆ ಹೋಗುತ್ತಾಳೆ. ಇದನ್ನು ಕಾಯಿಲೆ ಅನ್ನಲು ನನಗೆ ಮನಸ್ಸಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕೂಡ, ಜನ ಒಪ್ಪಿದ ಆಚರಣೆಯಾಗಿದ್ದು ಬದುಕಿಗೆ ತೊಂದರೆ ಕೊಡದಿದ್ದರೆ ಅದು ಕಾಯಿಲೆಯಲ್ಲ ಅನ್ನುತ್ತದೆ.

ಆದರೆ ಬಂದವರು ನೆಂಟರೇ ಅಲ್ಲ, ಮನೆಯವರೇ ಆಗಿದ್ದರೆ?

ಹೀಗೆ ಅಂದುಕೊಳ್ಳಿ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದವಳಿಗೆ ತಿಪಟೂರಿನಲ್ಲಿ ಬಸ್ ಹತ್ತಿದ್ದೇ ನೆನಪಿಲ್ಲ. ಟಿಕೆಟ್ ಮಾತ್ರ ಕೈಯಲ್ಲಿದೆ. ಚೀಲದಲ್ಲಿ ಮಕ್ಕಳು ತಿನ್ನುವ ಮಿಠಾಯಿ. ನೋಟ್‌ಬುಕ್ಕಿನಲ್ಲಿ ಬೇರೆಯದೇ ಕೈಬರಹ: "ಆ ಮನೆಗೆ ಮಾತ್ರ ಹೋಗಬೇಡ." ಬರೆದವರು, ಮಿಠಾಯಿ ಕೊಂಡವರು, ಬಸ್ ಹತ್ತಿದವರು ಎಲ್ಲರೂ ಅವಳೊಳಗೇ ಇದ್ದಾರೆ. ಇದಕ್ಕೆ ವೈದ್ಯರು ಈಗ ಇಟ್ಟಿರುವ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ. ಒಳಗಿನ ಒಬ್ಬೊಬ್ಬರನ್ನೂ ಆಲ್ಟರ್ ಅನ್ನುತ್ತಾರೆ, ಎಲ್ಲರೂ ಸೇರಿದರೆ ಸಿಸ್ಟಮ್. ಇಂಥ ಎಷ್ಟೋ ಜನ ತಮ್ಮನ್ನು 'ಪ್ಲೂರಲ್', ಅಂದರೆ ಒಬ್ಬರಲ್ಲ ಹಲವರು, ಎಂದು ಕರೆದುಕೊಳ್ಳುತ್ತಾರೆ.

ಯುರೋಪಿನ ವೈದ್ಯರು ಇದನ್ನು ಬರೆದಿಡಲು ಶುರುಮಾಡಿ ಇನ್ನೂರು ವರ್ಷ ದಾಟಿದೆ. 1791ರಲ್ಲಿ ಜರ್ಮನಿಯ ಗ್ಮೆಲಿನ್, ಆಗಾಗ ಫ್ರೆಂಚ್ ಹೆಂಗಸಾಗಿಬಿಡುತ್ತಿದ್ದ ಒಬ್ಬಾಕೆಯ ಬಗ್ಗೆ ಬರೆದರು. ಕಾರಣ ಹುಡುಕಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಪಿಯರ್ ಜಾನೆ. ತಡೆಯಲಾಗದ ನೋವನ್ನು ಮನಸ್ಸು ಬೇರೆ ಮಾಡಿ ಇಡುತ್ತದೆ ಎಂದು 1889ರಲ್ಲೇ ಹೇಳಿದರು. ಆಮೇಲೆ ಫ್ರಾಯ್ಡ್ ಹವಾ ಎದ್ದು ಜಾನೆ ಮೂಲೆಗೆ ಸರಿದರು.

ಕ್ರಿಸ್ ಸೈಜ್‌ಮೋರ್ ಕಥೆ ನೋಡಿ. 1954ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಆಕೆಯ ಹೆಸರು ಮುಚ್ಚಿಟ್ಟು, ಒಳಗೆ ಮೂವರಿದ್ದಾರೆ ಎಂದು ಬರೆದರು. ಆಕೆ ಗುಣವಾದಳು ಎಂದು ಲೋಕ ನಂಬಿತು. 1977ರಲ್ಲಿ ತಮ್ಮ ಪುಸ್ತಕದಲ್ಲಿ ಆಕೆಯೇ, ಮೂವರಲ್ಲ, ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು, ಅದು ಅಲ್ಲಿಗೇ ಮುಗಿದಿರಲಿಲ್ಲ ಅಂದರು. ವೈದ್ಯರು ಕಥೆ ಮುಗಿಸಿದ್ದರು, ಬಾಳುತ್ತಿದ್ದವಳನ್ನು ಸರಿಯಾಗಿ ಕೇಳಿರಲಿಲ್ಲ.

1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಸ್ವಂತ ಜಾಗ ಸಿಕ್ಕಿತು. 1994ರಲ್ಲಿ ಹೆಸರು ಬದಲಾಗಿ ಡಿಐಡಿ ಆಯಿತು. ಜಗಳವೂ ಜೊತೆಗೇ ಬೆಳೆಯಿತು. ಬಾಲ್ಯದಲ್ಲಿ ಪದೇ ಪದೇ ಆದ ದೌರ್ಜನ್ಯವೇ ಕಾರಣ ಅನ್ನುವವರು ಒಂದು ಕಡೆ. ಸಿನಿಮಾ, ಥೆರಪಿಸ್ಟುಗಳೇ ತಲೆಗೆ ತುಂಬಿದ್ದು ಅನ್ನುವವರು ಇನ್ನೊಂದು ಕಡೆ. ನನಗೆ ಮೊದಲನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ.

ನಮ್ಮ ವೈದ್ಯರು ಇಂಥವರನ್ನು ಕಂಡಿದ್ದು ಕಡಿಮೆ. ಮೈಮೇಲೆ ಬರುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು 1981ರಲ್ಲೇ ವರ್ಮ, ವಿಗ್ ಮತ್ತಿತರರು ಚರ್ಚಿಸಿದ್ದರು. ಕನ್ನಡಿಗರಿಗೆ ಮಾತ್ರ ಈ ವಿಷಯ ಪರಿಚಯ ಮಾಡಿಸಿದ್ದು 2004ರ 'ಆಪ್ತಮಿತ್ರ'. ನಾಗವಲ್ಲಿಯನ್ನು ಯಾರು ತಾನೇ ಮರೆಯುತ್ತಾರೆ? ಅಲ್ಲೂ ಉಪಾಯ ಮಾಡಿ ಅವಳನ್ನು ಕಳಿಸುವುದೇ ಚಿಕಿತ್ಸೆ.

ಈ 'ಕಳಿಸುವ' ಹಟ ಹಳ್ಳಿಗಳಲ್ಲಿ ಎಷ್ಟೋ ಸಲ ಬೇವಿನ ಬರಲು, ಚಾಟಿಯ ತನಕ ಹೋಗಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು 2020ರಿಂದ ಕರ್ನಾಟಕದಲ್ಲಿ ಅಪರಾಧ. ಹೊಡೆತದಿಂದಲೇ ಬೇರೆಯಾದ ಮನಸ್ಸಿಗೆ ಮತ್ತೆ ಹೊಡೆತ, ಏನು ನ್ಯಾಯ?

ಈಗಿನ ಚಿಕಿತ್ಸೆಯಲ್ಲಿ ಎಲ್ಲರನ್ನೂ ಒಂದಾಗಿಸಲೇಬೇಕು ಎಂದೇನಿಲ್ಲ. ಒಳಗಿನವರು ಮಾತಾಡಿಕೊಂಡು, ನೆನಪು ಹಂಚಿಕೊಂಡು ಬಾಳಿದರೂ ಸಾಕು ಅನ್ನುವವರು ಹೆಚ್ಚುತ್ತಿದ್ದಾರೆ. ಡಿಐಡಿಗೆಂದೇ ಮಾತ್ರೆ ಇಲ್ಲ. ನಿದ್ದೆ, ಖಿನ್ನತೆಗೆ ಕೊಡುತ್ತಾರೆ ಅಷ್ಟೆ. ಉಳಿದದ್ದೆಲ್ಲ ವರ್ಷಗಟ್ಟಲೆ ಕೂತು ಮಾತಾಡುವ ಕೆಲಸ. ಮೊದಲ ಮಾತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.