ಪಾಸ್ ಔಟ್ ಬೇರೆ, ಪಾಸ್ ಅವೇ ಬೇರೆ

ದಾವಣಗೆರೆಲಿ ನಾನು ಸ್ಪೋಕನ್ ಇಂಗ್ಲಿಷ್ ಕಲಿಸ್ತೀನಿ. ಬರೋರಲ್ಲಿ ಇಂಜಿನಿಯರಿಂಗ್ ಹುಡುಗ್ರು ಇರ್ತಾರೆ, ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೋಗೋಕೆ ಒಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದೋ ಹೆಣ್ಮಕ್ಳೂ ಇರ್ತಾರೆ. ಎಲ್ರೂ ಮೊದಲು ಕೇಳೋದು ಒಂದೇ, ಮೇಡಂ ಈಡಿಯಮ್ಸ್ ಲಿಸ್ಟ್ ಕೊಡ್ರಿ ಬಾಯಿಪಾಠ ಮಾಡ್ಕೊಂತೀವಿ ಅಂತ. ಈಡಿಯಮ್ ಅಂದ್ರೆ ನುಡಿಗಟ್ಟು. ನಾನು ಕೊಡಲ್ಲ. "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಅಂತ ಇಂಗ್ಲೆಂಡಲ್ಲೇ ಈಗ ಹೇಳೋರು ಕಡಿಮೆ, ಜೋರು ಮಳೆ ಬಂದ್ರೆ "ಇಟ್ಸ್ ಪೋರಿಂಗ್" ಅಂತಾರೆ ಅಷ್ಟೆ. ಅಲ್ಲಿ ದಿನಾ ಕಿವಿಗೆ ಬೀಳೋದು ಫ್ರೇಸಲ್ ವರ್ಬು, ಅಂದ್ರೆ ಸಣ್ಣದೊಂದು ಕ್ರಿಯಾಪದಕ್ಕೆ ಅಪ್, ಔಟ್, ಆಫ್ ಥರದ ಇನ್ನೊಂದು ಪದ ಸೇರಿ ಅರ್ಥನೇ ಬೇರೆ ಆಗೋದು.

ಪಾಸ್ ಔಟ್ ತಗೊಳ್ರಿ. "ಐ ಪಾಸ್ಡ್ ಔಟ್ ಇನ್ 2023" ಅಂದ್ರೆ ನಮ್ಮಲ್ಲಿ ಡಿಗ್ರಿ ಮುಗೀತು ಅಂತ ಎಲ್ರಿಗೂ ತಿಳಿಯುತ್ತೆ, ಬ್ರಿಟಿಷ್ ಸೈನ್ಯದಲ್ಲೂ ತರಬೇತಿ ಮುಗಿಸಿ ಹೊರಬೀಳೋದಕ್ಕೆ ಇದೇ ಮಾತಿದೆ, ಪಾಸಿಂಗ್ ಔಟ್ ಪರೇಡ್ ಅಂತೀವಲ್ಲ ಅದು. ಆದ್ರೆ ಲಂಡನ್ನಿನ ಆಸ್ಪತ್ರೆಲಿ "ಶಿ ಪಾಸ್ಡ್ ಔಟ್" ಅಂದ್ರೆ ಎಚ್ಚರ ತಪ್ಪಿ ಬಿದ್ಲು ಅಂತ. "ಪಾಸ್ಡ್ ಅವೇ" ಅಂದ್ರೆ ತೀರ್ಕೊಂಡ್ಲು. ಒಂದೇ ಪದ ಅದಲು ಬದಲಾದ್ರೆ ಮನೆಯವ್ರಿಗೆ ಎಂಥ ಸುದ್ದಿ ಮುಟ್ಟುತ್ತೆ ಯೋಚ್ನೆ ಮಾಡ್ರಿ, ಅದಕ್ಕೇ ನರ್ಸಿಂಗ್ ಹುಡುಗೀರಿಗೆ ನಾನು ಶುರು ಮಾಡೋದೇ ಇಲ್ಲಿಂದ. ಪುಸ್ತಕದಲ್ಲಿ ವಾಮಿಟಿಂಗ್ ಅಂತ ಓದಿರ್ತಾರೆ, ರೋಗಿ "ಐ ಥ್ರೂ ಅಪ್ ಟ್ವೈಸ್" ಅಂತಾನೆ, ಎರಡು ಸಲ ವಾಂತಿ ಆಯ್ತು ಅಂತ. ಆಪರೇಷನ್ ಆದ್ಮೇಲೆ "ಕಮ್ ರೌಂಡ್" ಅಂದ್ರೆ ಎಚ್ಚರ ಬರೋದು. ನೋವಿನ ಮಾತ್ರೆ "ವೋರ್ ಆಫ್" ಅಂದ್ರೆ ಅದರ ಪವರ್ ಇಳೀತು, ಮತ್ತೆ ನೋವು ಶುರು ಆಗಿದೆ ಅಂತ ಹೇಳ್ತಿದಾನೆ, ಡಾಕ್ಟ್ರಿಗೆ ತಿಳಿಸ್ಬೇಕು. "ಅಂಡರ್ ದ ವೆದರ್" ಥರ ಕೆಲವು ಈಡಿಯಮ್ಮೂ ಕಿವಿಗೆ ಬೀಳ್ತವೆ, ಮೈ ಸ್ವಲ್ಪ ಹುಷಾರಿಲ್ಲ ಅಂತ. ಅಂಥವು ಕೇಳಿದಾಗ ಅರ್ಥ ಆದ್ರೆ ಸಾಕು, ನೀವೇ ಹೇಳ್ಬೇಕು ಅಂತೇನಿಲ್ಲ.

ಜಗಳೂರು ಕಡೆ ಹಳ್ಳಿಯಿಂದ ಬಂದ ಹುಡುಗ ಇದೆಲ್ಲ ನಂಗೆ ಆಗಲ್ಲ ಮೇಡಂ ಅಂದ್ರೆ ನಂಗೆ ಸಂಕಟ ಆಗುತ್ತೆ. ಗೆಳೆಯ ಕೈ ಕೊಟ್ಟ, ಡಾಕ್ಟ್ರು ಕೈ ಎತ್ತಿದ್ರು, ದೇವ್ರು ಕೈ ಹಿಡಿದ, ಈ ಸಲ ಮೆಕ್ಕೆಜೋಳ ಕೈ ಕಚ್ತು, ಇದನ್ನೆಲ್ಲ ಅವನಿಗೆ ಯಾರು ಲಿಸ್ಟ್ ಕೊಟ್ಟು ಕಲಿಸಿದ್ರು? ಮಾತಲ್ಲೇ ಬಂತು. ಇನ್ನೂ ಒಂದು ಹೇಳ್ತೀನಿ, ನಾವು ತಿನ್ನು ಅನ್ನೋದಕ್ಕೂ ತಿಂದ್ಬಿಡು ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ, ಈಟ್ ಮತ್ತು ಈಟ್ ಅಪ್ ನಡುವೆ ಇರೋದೂ ಹೆಚ್ಚುಕಡಿಮೆ ಅದೇನೇ. ಕೆರೆ ಒಣಗಿಹೋಯ್ತು ಅನ್ನೋದು "ಡ್ರೈಡ್ ಅಪ್", ದುಡ್ಡೆಲ್ಲ ಮುಗಿಸಿಬಿಟ್ಟ ಅನ್ನೋದು "ಯೂಸ್ಡ್ ಅಪ್". ಅಪ್ ಬಂದ ಕಡೆಯೆಲ್ಲ ಹೀಗೇ ಇರಲ್ಲ, "ಟರ್ನ್ ಅಪ್" ಅಂದ್ರೆ ಬಂದು ಹಾಜರಾಗೋದೂ ಆಗುತ್ತೆ, ಆದ್ರೂ ಇಷ್ಟು ಹಿಡಿದ್ರೆ ಭಯ ಅರ್ಧ ಹೋಗುತ್ತೆ.

ಕೆಲಸ ಹುಡುಕೋರು "ಪುಟ್ ಆಫ್" ಮತ್ತು "ಕಾಲ್ ಆಫ್" ಬಿಡಿಸಿ ತಿಳ್ಕೊಳ್ಳೇಬೇಕು. ಇಂಟರ್ವ್ಯೂ ಪುಟ್ ಆಫ್ ಆಗಿದೆ ಅಂತ ಮೇಲ್ ಬಂದ್ರೆ ಮುಂದಕ್ಕೆ ಹೋಗಿದೆ ಅಷ್ಟೆ, ತಯಾರಿ ನಿಲ್ಲಿಸ್ಬೇಡ್ರಿ, ಕಾಲ್ ಆಫ್ ಅಂದ್ರೆ ಮಾತ್ರ ರದ್ದು.

ಬರೆಯುವಾಗ ತಪ್ಪೋದು ಇಟ್, ಹರ್, ದೆಮ್ ಎಲ್ಲಿ ಇಡ್ಬೇಕು ಅನ್ನೋದ್ರಲ್ಲಿ. ಟರ್ನ್ ಡೌನ್ ಅಂದ್ರೆ ಬೇಡ ಅನ್ನೋದು. "ಟರ್ನ್ ಡೌನ್ ದ ಆಫರ್" ಸರಿ, "ಟರ್ನ್ ದ ಆಫರ್ ಡೌನ್" ಕೂಡ ಸರಿ, ಆದ್ರೆ ಇಟ್ ಬಂತೋ ಅದು ನಡುವೆನೇ ಕೂರ್ಬೇಕು, "ಟರ್ನ್ ಇಟ್ ಡೌನ್". "ಲುಕ್ ಆಫ್ಟರ್" (ನೋಡ್ಕೊಳ್ಳೋದು) ಥರದವು ನಡುವೆ ಯಾರನ್ನೂ ಬಿಟ್ಕೊಳ್ಳಲ್ಲ, "ಲುಕ್ ಆಫ್ಟರ್ ಹರ್" ಅಂತನೇ ಆಗ್ಬೇಕು. ಯಾವುದು ಯಾವ ಗುಂಪು ಅಂತ ನೋಡಿದ ಕೂಡ್ಲೇ ಗೊತ್ತಾಗಲ್ಲ, ಹಾಗಾಗಿ ನನ್ನ ಕ್ಲಾಸಿನ ನೋಟ್‌ಬುಕ್ಕಲ್ಲಿ ಟರ್ನ್ ಡೌನ್ ಅಂತ ಬರೀ ಎರಡು ಪದ ಬರೆಯೋ ಹಾಗಿಲ್ಲ, ಟರ್ನ್ ಇಟ್ ಡೌನ್, ಪುಟ್ ಇಟ್ ಆಫ್, ಲುಕ್ ಆಫ್ಟರ್ ಹರ್ ಅಂತ ಸೇರಿಸೇ ಬರ್ಕೊಂಡು, ಪಕ್ಕದಲ್ಲಿ ಅದನ್ನ ತಮ್ಮ ಮನೇಲಿ ಹೇಗೆ ಹೇಳ್ತಾರೋ ಆ ಕನ್ನಡದ ಒಂದು ಸಾಲು ಬರೀಬೇಕು.