ವಿಂಡೋ ಪೀರಿಯಡ್: ರಿಪೋರ್ಟ್ ನಂಬುವ ಮೊದಲು ಎಣಿಸಬೇಕಾದ ದಿನಗಳು

ಗೆಳೆಯನೊಬ್ಬ ಒಂದು ರಾತ್ರಿ ಲ್ಯಾಬ್ ರಿಪೋರ್ಟಿನ ಫೋಟೊ ಕಳಿಸಿದ್ದ. ಎಚ್‌ಐವಿ ಸಾಲಿನ ಮುಂದೆ ‘ನಾನ್ ರಿಯಾಕ್ಟಿವ್’ ಎಂದಿತ್ತು. ಅಂದರೆ ಸೋಂಕಿನ ಗುರುತು ಸಿಕ್ಕಿಲ್ಲ. ಕೆಳಗೆ ಅವನ ಪ್ರಶ್ನೆ: ‘ಇದನ್ನ ನಂಬಬಹುದಾ?’ ಕಾಂಡೋಮ್ ಇಲ್ಲದೆ ಸೇರಿ ಆಗಿನ್ನೂ ಐದೇ ದಿನ ಆಗಿತ್ತು. ನಂಬುವ ಹಾಗಿರಲಿಲ್ಲ. ಯಾಕೆ ಅಂತ ತಿಳಿಯಲು ಒಂದು ಪದ ಗೊತ್ತಿರಬೇಕು: ವಿಂಡೋ ಪೀರಿಯಡ್.

ಸೋಂಕು ಮೈಗೆ ಸೇರಿದ ದಿನಕ್ಕೂ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ದಿನಕ್ಕೂ ನಡುವಿನ ಕಾಲಕ್ಕೆ ಈ ಹೆಸರು. ‘ಕಿಟಕಿ ಅವಧಿ’ ಅಂದರೆ ಅರ್ಥ ದಾರಿ ತಪ್ಪುತ್ತದೆ. ಕಿಟಕಿಯಲ್ಲಿ ಇಣುಕಿದರೆ ಒಳಗಿರುವುದು ಕಾಣುತ್ತದೆ, ಇಲ್ಲಿ ಕಾಣುವುದೇ ಇಲ್ಲ. ಅದಕ್ಕಿಂತ ರಾಗಿ ಬಿತ್ತಿದ ಹೊಲ ನೆನಪಿಸಿಕೊಳ್ಳಿ. ಮಾರನೇ ದಿನ ಹೋಗಿ ನೋಡಿದರೆ ಬರೀ ಮಣ್ಣು. ಬಿತ್ತಿದ್ದಾರೋ ಇಲ್ಲವೋ ಗೊತ್ತಾಗಬೇಕಾದರೆ ಮೊಳಕೆ ಏಳಬೇಕು.

ಎಷ್ಟು ದಿನ ಕಾಯಬೇಕು? ಅದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ವೈರಸ್ಸನ್ನೇ ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ 10ರಿಂದ 33 ದಿನ. ತೋಳಿನಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ಫೋರ್ತ್ ಜನರೇಷನ್ ಪರೀಕ್ಷೆ ವೈರಸ್ಸಿನ ಪಿ24 ಎಂಬ ತುಣುಕನ್ನೂ, ಅದರ ವಿರುದ್ಧ ನಮ್ಮ ಮೈ ಮಾಡಿಕೊಳ್ಳುವ ಪ್ರತಿಕಾಯವನ್ನೂ ಹುಡುಕುತ್ತದೆ. ಅದಕ್ಕೆ 18ರಿಂದ 45 ದಿನ. ಪ್ರತಿಕಾಯವನ್ನು ಮಾತ್ರ ನೋಡುವ ಪರೀಕ್ಷೆಗೆ 23ರಿಂದ 90 ದಿನ. ಬೆರಳು ಚುಚ್ಚಿ ಮಾಡುವ ಹೆಚ್ಚಿನ ರಾಪಿಡ್ ಕಿಟ್‌ಗಳು ಈ ಸಾಲಿನವು. ಮೂರು ತಿಂಗಳಿಗೆ ಇನ್ನೊಮ್ಮೆ ಬನ್ನಿ ಎಂದು ಹೇಳುವುದು ಇದಕ್ಕೇ.

ಈ ದಿನಗಳಲ್ಲಿ ಮನಸ್ಸು ಮೈಯನ್ನು ಕೆದಕಲು ಶುರುಮಾಡುತ್ತದೆ. ನನ್ನ ಗೆಳೆಯ ಗಂಟೆಗೊಮ್ಮೆ ಕುತ್ತಿಗೆ ಮುಟ್ಟಿ ಗಡ್ಡೆ ಹುಡುಕುತ್ತಿದ್ದ. ಎಚ್‌ಐವಿ ತಗುಲಿದ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು ಬರುವುದು ನಿಜ. ಆದರೆ ಮಳೆಯಲ್ಲಿ ನೆಂದರೂ ಜ್ವರ ಬಂತು ಅನ್ನುತ್ತೇವೆ, ಅಲ್ವಾ? ಜ್ವರ ಬಂದರೆ ಸೋಂಕಿದೆ ಅಂತಲ್ಲ, ಬರದಿದ್ದರೆ ಇಲ್ಲ ಅಂತಲೂ ಅಲ್ಲ. ಸೋಂಕಿದ್ದು ಔಷಧಿ ತೆಗೆದುಕೊಳ್ಳದ ಗಂಡಸಿನಿಂದ ಹೆಂಗಸಿಗೆ ಒಂದು ಸಲದ ಸಂಭೋಗದಲ್ಲಿ ಎಚ್‌ಐವಿ ತಗುಲುವ ಸಾಧ್ಯತೆ 10,000ಕ್ಕೆ ಸುಮಾರು 8, ಹೆಂಗಸಿನಿಂದ ಗಂಡಸಿಗೆ ಸುಮಾರು 4. ಗುದ ಸಂಭೋಗದಲ್ಲಿ, ಒಳಗೆ ತೆಗೆದುಕೊಳ್ಳುವವರಿಗೆ, ಇದು ತುಂಬ ಜಾಸ್ತಿ: ಸುಮಾರು 138. ನಿದ್ದೆ ಕೆಡಿಸುವ ಭಯಕ್ಕೆ ಹೋಲಿಸಿದರೆ ಸಣ್ಣ ಸಂಖ್ಯೆಗಳು, ಆದರೂ ಪರೀಕ್ಷೆ ಬೇಡ ಅನ್ನುವಷ್ಟು ಸಣ್ಣವಲ್ಲ.

ಘಟನೆ ನಡೆದು ಇನ್ನೂ 72 ಗಂಟೆ ಆಗಿಲ್ಲವಾ? ಹಾಗಾದರೆ ದಿನ ಎಣಿಸುತ್ತಾ ಕೂರಬೇಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಅಥವಾ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಪೆಪ್ ಬೇಕಾ ಎಂದು ಕೇಳಿ. ಎಚ್‌ಐವಿ ಬೇರೂರದಂತೆ ತಡೆಯುವ ಔಷಧಿ ಅದು. 28 ದಿನ ತೆಗೆದುಕೊಳ್ಳಬೇಕು, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುವ ‘72 ಗಂಟೆ ಮಾತ್ರೆ’ ಬೇರೆ. ಅದು ಗರ್ಭ ನಿಲ್ಲದಂತೆ ತಡೆಯುತ್ತದೆ, ಸೋಂಕನ್ನಲ್ಲ. ಈ ಎರಡನ್ನು ಬಹಳ ಜನ ಒಂದೇ ಅಂದುಕೊಂಡಿದ್ದಾರೆ. ಪೆಪ್ ತೆಗೆದುಕೊಂಡವರಿಗೆ ಪರೀಕ್ಷೆಯ ದಿನಗಳ ಲೆಕ್ಕ ಬದಲಾಗುತ್ತದೆ, ಅದನ್ನು ವೈದ್ಯರ ಹತ್ತಿರವೇ ಬರೆಸಿಕೊಳ್ಳಿ.

ಗುಟ್ಟಾಗಿ ಪರೀಕ್ಷೆ ಆಗಿಬಿಡಲಿ ಎಂದು ರಕ್ತದಾನಕ್ಕೆ ಹೋಗುವವರಿದ್ದಾರೆ. ದಯವಿಟ್ಟು ಬೇಡ. ವಿಂಡೋ ಪೀರಿಯಡ್‌ನಲ್ಲಿ ಕೊಟ್ಟ ರಕ್ತ ಬ್ಲಡ್ ಬ್ಯಾಂಕಿನ ಪರೀಕ್ಷೆಯನ್ನೂ ದಾಟಿ ಯಾರದೋ ಮೈ ಸೇರಬಹುದು. ಪರೀಕ್ಷೆ ಮುಗಿಯುವವರೆಗೆ ಸಂಗಾತಿಯ ಜೊತೆ ಕಾಂಡೋಮ್ ಬಿಡಬೇಡಿ.

ಸಂಭೋಗದಿಂದ ಹರಡುವ ಸಿಫಿಲಿಸ್, ಹೆಪಟೈಟಿಸ್ ಬಿಗೂ ಅವುಗಳದೇ ವಿಂಡೋ ಪೀರಿಯಡ್ ಇದೆ. ಹುಣ್ಣು, ಕೀವು, ಮೂತ್ರದಲ್ಲಿ ಉರಿ ಕಂಡರೆ ಮಾತ್ರ ದಿನ ಎಣಿಸುವ ಕೆಲಸವಿಲ್ಲ, ಆವತ್ತೇ ವೈದ್ಯರಿಗೆ ತೋರಿಸಿ.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಆಪ್ತ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಹೋಗಲು ಹಿಂಜರಿಕೆ ಇದ್ದರೆ ಮೊದಲು 1097ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.

ಗೆಳೆಯನ ಜೊತೆ ನಾನೂ ಹೋಗಿದ್ದೆ. ಅಲ್ಲಿದ್ದ ಕೌನ್ಸೆಲರ್ ಮೇಡಂ ಯಾರ ಜೊತೆ, ಯಾಕೆ ಎಂದು ತಪ್ಪು ಹುಡುಕಲಿಲ್ಲ. ‘ಯಾವ ದಿನ ಆಗಿದ್ದು?’ ಎಂದು ಕೇಳಿ, ಮೇಜಿನ ಮೇಲಿದ್ದ ಕ್ಯಾಲೆಂಡರಿನ ಹಾಳೆ ಒಂದೊಂದಾಗಿ ತಿರುವಿ, ಒಂದು ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕಿದರು. ಅವನು ಅದರ ಫೋಟೊ ತೆಗೆದುಕೊಂಡ. ಆ ತಾರೀಖು ಬರುವವರೆಗೆ ಮತ್ತೆ ಯಾವ ಲ್ಯಾಬಿಗೂ ಹೋಗಲಿಲ್ಲ.